ಗಾಳಿಯಿಲ್ಲದೆ ಬೆಳಗಿದ ಮೂಲೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಮಂಗಳವಾರವೋ ಬುಧವಾರವೋ ಖಚಿತವಿಲ್ಲ. ಕಾಕಾ ಕುಳಿತಿದ್ದ ಸ್ಟೂಲು ಬಾಗಿಲಿನ ಹತ್ತಿರವಿತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅದೇ ನೆನಪು ಅವರ ಮೈಮೇಲೆ ಬೂದು ಬಣ್ಣದ ಅಂಗಿಯನ್ನೂ ತೊಡಿಸುತ್ತದೆ. ಆ ಅಂಗಿಯನ್ನು ನಾನೇ ಅವರಿಗೆ ಕೊಡಿಸಿದ್ದು, ಅದೂ ಮರುವರ್ಷ. ಒಂದು ಅಂಗಿಯನ್ನು ಸರಿಯಾಗಿ ನೆನಪಿಡಲಾರದ ತಲೆ ಒಂದು ಸ್ಟೂಲನ್ನು ಸರಿಯಾದ ಜಾಗದಲ್ಲಿ ಇಟ್ಟೀತೆಂದು ಹೇಗೆ ನಂಬಲಿ? ಹತ್ತನೇ ತರಗತಿಯಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆ ದಿನದ ಪುಟದಲ್ಲಿ ನಾಲ್ಕೇ ಸಾಲುಗಳಿವೆ, ತಾರೀಖು ಹಾಕಿಲ್ಲ. ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ನಾಲವಾರ ಸ್ಟೇಷನ್ ದಾಟಿದ ಮೇಲೆ ಹಳಿಯ ಪಕ್ಕ ಒಬ್ಬ ಹೆಂಗಸು ನಿಂತಿರುತ್ತಾಳೆ, ಗಾಡಿ ಹತ್ತಿರ ಬಂದರೆ ಇರುವುದಿಲ್ಲ ಎಂದು ಕಾಕಿ ಹೇಳುತ್ತಿದ್ದಳು. "ಯಾವ ಗಾಡಿಗಿ ಕಾಯ್ಲಾಕತ್ತಾಳಂತ ಕೇಳ್ಬೇಕಿತ್ತಲ್ಲ ಕಾಕಿ, ಪಾಪ, ಪ್ಯಾಸೆಂಜರ್ ಲೇಟ್ ಇರ್ಬೇಕು" ಎಂದು ನಾನು ನಗುತ್ತಿದ್ದೆ. ಈಗಲೂ ಆ ಹೆಂಗಸನ್ನು ನಂಬುವುದಿಲ್ಲ. ನಾನು ಹೇಳಹೊರಟಿರುವುದು ನಡೆದದ್ದು ಹಾಡಹಗಲು, ಊಟದ ಹೊತ್ತು ಕಳೆದ ಮೇಲೆ, ಒಂದು ಪ್ರಯೋಗಶಾಲೆಯಲ್ಲಿ. ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ. ಆದರೆ ನೀವು ನಂಬುವುದಿಲ್ಲವೆಂದು ಈ ಬರಹವನ್ನು ತಿದ್ದುವವಳೂ ನಾನಲ್ಲ.

ಮೊದಲು ಕಾಕಾನ ವಿಷಯ ಹೇಳಬೇಕು. ಶರಣಪ್ಪ ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ಸುಲೇಪೇಟದ ಕಡೆ ಮಾಸ್ತರರಾಗಿದ್ದರು. ನಾನು ಓದಿದ್ದು ವಾಡಿಯಲ್ಲಿ, ಕಾಕಾನ ಮನೆಯಲ್ಲಿದ್ದುಕೊಂಡು. ಕಾಕಾ ತಗಡಿನ ಮಾಡು ಹೊದಿಸುವ ಮೇಸ್ತ್ರಿ. ಚಿತ್ತಾಪುರದಿಂದ ಚಿಂಚೋಳಿವರೆಗೆ ಅವರು ಹೊದಿಸಿದ ಶೆಡ್ಡುಗಳಿದ್ದವು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ಮಾಡಿ "ಅದು ನಂದು, ಅದು ನಂದಲ್ಲ, ಅದ್ಕೇ ಸೋರ್ತದ" ಎನ್ನುತ್ತಿದ್ದರು.

ಸೇಡಂ ರಸ್ತೆಯಲ್ಲಿ ಒಂದು ದಾಲ್ ಮಿಲ್ಲಿನ ಗೋದಾಮಿಗೆ ಅವರು ಮಾಡು ಹೊದಿಸಿದ್ದರು. ಮುಂದಿನ ಬೇಸಿಗೆಯ ಕೊನೆಗೆ, ಮಳೆಗೆ ಮುಂಚೆ ಎದ್ದ ಬಿರುಗಾಳಿಗೆ ಆ ಮಾಡು ಕಿತ್ತುಹೋಯಿತು. ಒಬ್ಬ ಹಮಾಲಿಯ ಕಾಲಿನ ಮೇಲೆ ತಗಡು ಬಿದ್ದು, ಅವನು ಇವತ್ತಿಗೂ ಕುಂಟುತ್ತಾನೆ. ತಗಡನ್ನು ಕೆಳಗಿನ ಕಬ್ಬಿಣಕ್ಕೆ ಹಿಡಿದಿಡುವ ಕೊಕ್ಕೆ ಬೋಲ್ಟುಗಳನ್ನು ಶರಣಪ್ಪ ಕಡಿಮೆ ಹಾಕಿದ್ದಾನೆ ಎಂದು ಮಾತು ಹುಟ್ಟಿತು. ನಕ್ಷೆ ಮಾಡಿದ ಎಂಜಿನಿಯರೂ ಅದನ್ನೇ ಹೇಳಿದರು. ಬಿದ್ದ ತಗಡು, ಕೊಕ್ಕೆ ಎಲ್ಲ ಮೋಡಕಾ ಸಾಮಾನು ಕೊಳ್ಳುವ ಗುಜರಿಯವನ ಗಾಡಿಯಲ್ಲಿ ಹೋಗಿಬಿಟ್ಟಿದ್ದವು, ಎಣಿಸಿ ನೋಡಲು ಏನೂ ಉಳಿದಿರಲಿಲ್ಲ.

ಅವತ್ತು ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ ಕಾಕಾ ಮಾಡು ಹೋಗಿದ್ದನ್ನು ಕಣ್ಣಾರೆ ನೋಡಿದ್ದರು. ಮನೆಗೆ ಬಂದು ಒಂದೇ ಸಲ ಹೇಳಿದರು: "ನಕ್ಷಾದಾಗ ಎಲ್ಲೆಲ್ಲಿ ತೋರ್ಸ್ಯಾರ ಅಲ್ಲಲ್ಲಿ ಹಾಕೀನಿ. ಮೊದಲ ಎದ್ದದ್ದು ಬಾಗಲಕ್ಕ ಎದರಿನ ಎಡಗಡಿ ಮೂಲಿ. ಆ ಮೂಲಿಗಿ ಇನ್ನಾ ಬೇಕ್ರಿ ಅಂತ ಅಂದಿದ್ದೆ, ಯಾರೂ ಕೇಳ್ಲಿಲ್ಲ." ಆಮೇಲೆ ಅವರು ಮಾಡು ಹತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದನ್ನೂ ಬಿಟ್ಟರು. ಮನೆಯ ಮುಂದೆಯೇ ಕಿಟಕಿಗೆ ಸರಳು ಬೆಸೆಯುವಂಥ ಸಣ್ಣ ಕೆಲಸ ಹಿಡಿದರು.

ಆಗ ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಾನಿದ್ದ ಶಹಾಬಾದಿನಿಂದ ಬಸ್ಸಿನಲ್ಲಿ ದಿನವೂ ಹೋಗಿಬರುವಷ್ಟು ದೂರ. ಕಾಲೇಜಿನ ಹೆಸರು ಬೇಡ. ಅಲ್ಲೊಂದು ಸಣ್ಣ ಗಾಳಿ ಸುರಂಗವಿತ್ತು. ಮರ ಮತ್ತು ಗಾಜಿನ ಉದ್ದನೆಯ ಪೆಟ್ಟಿಗೆ, ಒಂದು ತುದಿಗೆ ದೊಡ್ಡ ಫ್ಯಾನು. ಒಳಗೆ ಮಾದರಿ ಇಟ್ಟು ಗಾಳಿ ಹಾಯಿಸಿ, ಗಾಳಿ ಎಲ್ಲಿ ಒತ್ತುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಅಳೆಯುವುದು. ಸಾಮಾನ್ಯವಾಗಿ ಮಾದರಿಗೆ ಸಣ್ಣ ತೂತು ಕೊರೆದು ನಳಿಕೆ ಜೋಡಿಸಿ ಅಳೆಯುತ್ತಾರೆ. ತೂತು ಇದ್ದಲ್ಲಿ ಮಾತ್ರ ಉತ್ತರ ಸಿಗುತ್ತದೆ. ನಾನು ಹಿಡಿದಿದ್ದು ಬೇರೆ ದಾರಿ: ಒತ್ತಡಕ್ಕೆ ತಕ್ಕಂತೆ ಬೆಳಗುವ ಒಂದು ಬಣ್ಣ.

ಅದನ್ನು ಇಷ್ಟು ತಿಳಿದರೆ ಸಾಕು. ಈ ಬಣ್ಣ ಬಳಿದ ಮೇಲೆ ಕತ್ತಲಲ್ಲಿ ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಬೆಳಗುತ್ತದೆ. ಗಾಳಿಯಲ್ಲಿನ ಆಮ್ಲಜನಕ ಆ ಬೆಳಕನ್ನು ಕುಂದಿಸುತ್ತದೆ. ಗಾಳಿ ಒತ್ತುವ ಜಾಗದಲ್ಲಿ ಬಣ್ಣದೊಳಗೆ ಹೆಚ್ಚು ಆಮ್ಲಜನಕ ಸೇರಿ ಬೆಳಕು ಮಂಕಾಗುತ್ತದೆ, ಗಾಳಿ ಎಳೆಯುವ ಜಾಗದಲ್ಲಿ ಹೊಳಪೇರುತ್ತದೆ. ಗಾಳಿ ಬಿಡುವ ಮುಂಚೆ ಕೆಲವು ಚಿತ್ರ, ಬಿಟ್ಟ ಮೇಲೆ ಕೆಲವು ಚಿತ್ರ ತೆಗೆದು ಹೋಲಿಸಿದರೆ ಮೇಲ್ಮೈಯ ಪ್ರತಿ ಚುಕ್ಕೆಯ ಒತ್ತಡವೂ ಸಿಗುತ್ತದೆ. ವಿಮಾನದ ರೆಕ್ಕೆಯಂಥ ವೇಗದ ಪ್ರಯೋಗಕ್ಕೆ ಇದು ಸರಾಗ. ನಮ್ಮ ಸುರಂಗದ ವೇಗಕ್ಕೆ ಬೆಳಕಿನ ವ್ಯತ್ಯಾಸ ಅತಿ ಸೂಕ್ಷ್ಮ. ಬರಿಗಣ್ಣಿಗೆ ಕಾಣುವುದೇ ಇಲ್ಲ. ನೂರಾರು ಚಿತ್ರಗಳ ಸರಾಸರಿ ತೆಗೆದರೆ ಮಾತ್ರ ಏನೋ ಮೂಡುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಡಿ.

ನನ್ನ ಮಾರ್ಗದರ್ಶಕರಿಗೆ ಇದು ಹಿಡಿಸಲಿಲ್ಲ. "ನೋಡಮ್ಮ, ಈ ವೇಗಕ್ಕೆ ನಿನಗೆ ಸಿಗೋದು ಕ್ಯಾಮೆರಾದ ಗದ್ದಲ, ಅರ್ಥವಿಲ್ಲದ ಚುಕ್ಕೆಗಳು ಅಷ್ಟೇ. ಸುಮ್ಮನೆ ತೂತು ಕೊರಿ, ನಳಿಕೆ ಹಚ್ಚು, ಪದವಿ ತಗೊಂಡು ಹೋಗು" ಎಂದರು. ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಸಿಗುವುದಿಲ್ಲ ಎಂಬುದನ್ನಾದರೂ ಅಳೆಯುತ್ತೇನೆ ಎಂದೆ. ಮಾದರಿಯಾಗಿ ಯಾವುದಾದರೂ ಪೆಟ್ಟಿಗೆ ಸಾಕಾಗಿತ್ತು. ನಾನು ಸೇಡಂಗೆ ಹೋಗಿ ಆ ಗೋದಾಮಿನ ಗೋಡೆಗಳನ್ನು ಟೇಪು ಹಿಡಿದು ಅಳೆದು ಬಂದೆ. ಎರಡು ಅಂಗೈ ಅಗಲದ ಗೋದಾಮು ತಯಾರಾಯಿತು. ಬಾಗಿಲಿನ ಕಡೆ ಒಂದು ಗೀರು ಬಿಟ್ಟರೆ ಬೇರೆ ಗುರುತಿಲ್ಲ. ಮಾಡಿನ ನಾಲ್ಕು ಮೂಲೆಗಳೂ ಒಂದೇ ರೀತಿ. ಮಾಡಿಗೆ ನಾನೇ ಬಣ್ಣ ಹೊಡೆದೆ. ಯಾಕೆ ಇದೇ ಗೋದಾಮು ಎಂದು ಮಾರ್ಗದರ್ಶಕರು ಕೇಳಲಿಲ್ಲ. ಕೇಳಿದ್ದರೆ ನಿಜವನ್ನೇ ಹೇಳುತ್ತಿದ್ದೆ.

ಕಾಕಾನನ್ನು ಕರೆತಂದದ್ದು ನನ್ನದೇ ಒತ್ತಾಯಕ್ಕೆ. ವಾಡಿಯಿಂದ ಶಹಾಬಾದಿಗೆ ಬೆಳಗಿನ ಗಾಡಿಗೆ ಬಂದರು, ಅಲ್ಲಿಂದ ಇಬ್ಬರೂ ಬಸ್ಸಿನಲ್ಲಿ ಕಾಲೇಜಿಗೆ ಹೋದೆವು. ಸುರಂಗದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮರದ ಕೀಲುಗಳನ್ನು ಬೆರಳಿನಿಂದ ತಟ್ಟಿ ನೋಡಿದರು.

"ಗಾಳಿ ತರ್ಲಾಕ ಇಷ್ಟು ದೊಡ್ಡ ಪೆಟಗಿ ಬೇಕಾಯ್ತೇನವ್ವ? ನಮ್ಮ ಮಾಳಗಿ ಮ್ಯಾಲ ಕುಂತ್ರ ಪುಕ್ಕಟ ಬರ್ತದಲ್ಲ."

"ಅಲ್ಲಿ ಯಾವ ದಿಕ್ಕಿಂದು ಬೇಕಂತ ಹೇಳಿದ್ರ ಬರ್ತದೇನ್ರಿ ಕಾಕಾ?"

"ಇಲ್ಲಿ ಹೇಳಿದ್ದ ಕೇಳ್ತದಾ? ಅಂದ್ರ ಭಾಳ ಸಂಭಾವಿತ ಗಾಳಿ ಬಿಡು."

ಹಾಗೆ ತಮಾಷೆ ಮಾಡಿದ್ದು ಎಷ್ಟೋ ದಿನಗಳ ಮೇಲೆ. ನೀಲಿ ಬೆಳಕು ಕಣ್ಣಿಗೆ ಹೊಡೆಯದಂತೆ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟಾಗ, "ನಮ್ಮ ವೆಲ್ಡಿಂಗ್ ಚಸ್ಮಾಕ್ಕಿಂತ ಛಲೋ ಅದ" ಎಂದು ತಲೆ ಎತ್ತಿ ಇಳಿಸಿ ನೋಡಿದರು. ನಾನು ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದು, ಬಾಗಿಲು ಹಾಕಿದೆ. ಆ ಕನ್ನಡಕದಲ್ಲಿ ನೀಲಿ ಬೆಳಕು ಕಾಣುವುದಿಲ್ಲ, ಮನುಷ್ಯರೂ ಕಾಣುವುದಿಲ್ಲ. ಕತ್ತಲಲ್ಲಿ ಕಾಣುವುದು ಕೆಂಪಗೆ ಬೆಳಗುವ ಆ ಮಾಡು ಒಂದೇ.

ಫ್ಯಾನಿಗೆ ತ್ರೀ ಫೇಸ್ ಕರೆಂಟು ಬೇಕು. ಆ ಹೊತ್ತಿಗೆ ಅದು ಇರಲಿಲ್ಲ, ಸಂಜೆಗೆ ಬರುವುದಿತ್ತು. ದೀಪ ಮತ್ತು ಕ್ಯಾಮೆರಾಕ್ಕೆ ಮನೆಗಳಿಗೆ ಬರುವಂಥ ಸಿಂಗಲ್ ಫೇಸ್ ಸಾಕು, ಅದಿತ್ತು. ಆದ್ದರಿಂದ ಗಾಳಿ ಇಲ್ಲದ ಚಿತ್ರಗಳನ್ನು ಆಗಲೇ ತೆಗೆದಿಡೋಣವೆಂದು ಕ್ಯಾಮೆರಾ ಚಾಲೂ ಮಾಡಿದೆ. ಸೆಕೆಂಡಿಗೆ ಒಂದು ಚಿತ್ರ. ನಾನು ಲ್ಯಾಪ್‌ಟಾಪಿನ ಮುಂದೆ, ಅದರ ಬೆಳಕು ಚೆಲ್ಲದಂತೆ ಅಡ್ಡಗಟ್ಟಿದ ರಟ್ಟಿನ ಹಿಂದೆ ಕುಳಿತಿದ್ದೆ. ಕಾಕಾ ಸ್ಟೂಲಿನ ಮೇಲಿದ್ದರು. ಕೋಣೆ ಉಸಿರುಗಟ್ಟುವಷ್ಟು ಸ್ತಬ್ಧವಾಗಿತ್ತು, ಬೆವರು ಬೆನ್ನಿಗಿಳಿಯುತ್ತಿತ್ತು.

ಅರ್ಧದಷ್ಟು ಚಿತ್ರಗಳಾಗಿದ್ದವು. ತಲೆ ಎತ್ತಿ ನೋಡಿದರೆ ಮಾಡಿನ ಒಂದು ಮೂಲೆ ಬೆಳಗುತ್ತಿತ್ತು. ಬಾಗಿಲಿನ ಗೀರಿಗೆ ಎದುರು ಬದಿಯ, ಎಡಗಡೆಯ ಮೂಲೆ. ಅಲ್ಲಿಂದ ಎರಡೂ ಅಂಚುಗಳ ಗುಂಟ ಎರಡು ಗರಿಗಳು ಹರಡಿದ್ದವು. ಮೂಲೆಯಲ್ಲಿ ಚೂಪು, ಮುಂದೆ ಹೋದಂತೆ ಅಗಲ. ಕೆಂಪಿನೊಳಗೆ ಇನ್ನೂ ಹೊಳಪಾದ ಕೆಂಪು. ಬರಿಗಣ್ಣಿಗೆ ಕಾಣುತ್ತಿತ್ತು. ಫ್ಯಾನು ನಿಂತಿತ್ತು. ನನ್ನ ಮುಂಗೈಯ ಕೂದಲೂ ಅಲುಗುತ್ತಿರಲಿಲ್ಲ.

ಕತ್ತಲಲ್ಲಿ ಕಾಕಾನ ದನಿ ಕೇಳಿಸಿತು. ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ: "ಮೊದಲ ಅಲ್ಲೇ ಎತ್ತತದ."

ಆ ದನಿ ಸ್ಟೂಲಿನ ಕಡೆಯಿಂದ ಬಂತೋ ಸುರಂಗದ ಹತ್ತಿರದಿಂದ ಬಂತೋ ಹೇಳಲಾರೆ. ಶಹಾಬಾದಿ ಕಲ್ಲು ಹಾಸಿದ ಬರಿ ಕೋಣೆ, ಮಾತು ಎಲ್ಲ ಕಡೆಯಿಂದ ಬರುತ್ತದೆ. ಅಷ್ಟರಲ್ಲಿ ಮೂಲೆ ಮತ್ತೆ ಉಳಿದ ಮಾಡಿನ ಹಾಗೇ ಆಯಿತು. ನಾನು ದೀಪ ಹಾಕಿದಾಗ ಕಾಕಾ ಸ್ಟೂಲಿನ ಮೇಲೆ ಕುಳಿತಿದ್ದರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ದೀಪ ಹಾಕುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತು? ನೆನಪು ತಕ್ಷಣ ಎನ್ನುತ್ತದೆ. ದಿನಚರಿಯಲ್ಲಿ "ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ" ಎಂದಿದೆ.

ಕಂಡದ್ದು ಕಣ್ಣಿನ ಭ್ರಮೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಕ್ಯಾಮೆರಾಕ್ಕೆ ಭ್ರಮೆ ಆಗುವುದಿಲ್ಲ. ಆರು ಚಿತ್ರಗಳಲ್ಲಿ, ಒಂದರ ಹಿಂದೆ ಒಂದರಂತೆ, ಆ ಎರಡು ಗರಿಗಳಿವೆ. ಚಿತ್ರದಲ್ಲಿ ಕೈಯಿಲ್ಲ, ತಲೆಯಿಲ್ಲ. ದೀಪ ಏರಿಳಿದಿದ್ದರೆ ಇಡೀ ಮಾಡಿನ ಬೆಳಕು ಏರಿಳಿಯಬೇಕಿತ್ತು. ಬಿಸಿಯಾದರೆ ಈ ಬಣ್ಣ ಮಂಕಾಗುತ್ತದೆಯೇ ಹೊರತು ಬೆಳಗುವುದಿಲ್ಲ. ಬೆರಳು ತಗುಲಿದ್ದರೆ ಎಣ್ಣೆಯ ಕಲೆ ಉಳಿಯುತ್ತದೆ, ಅದೂ ಇರಲಿಲ್ಲ.

ಮಾರ್ಗದರ್ಶಕರು ಚಿತ್ರ ನೋಡಿ ಒಂದೇ ನಿಮಿಷದಲ್ಲಿ ಕಾರಣ ಹೇಳಿದರು. "ಉಸಿರು. ನಿಮ್ಮ ಕಾಕಾ ಎದ್ದು ಬಂದು ಬಗ್ಗಿ ನೋಡಿದಾರೆ. ಬಾಯಿಂದ ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಕಡಿಮೆ, ಬಣ್ಣ ಬೆಳಗದೆ ಏನು ಮಾಡ್ತದೆ? ಮಾದರಿ ಹತ್ತಿರ ಬಾಯಿ ತೆರೀಬಾರದು ಅಂತ ಅವರಿಗೆ ಹೇಳಿದ್ದಿ ತಾನೆ?"

ಹೇಳಿದ್ದೆನೇ? ಇದು ನಮ್ಮ ಕೆಲಸದವರಿಗೆ ಮಾತ್ರ ಗೊತ್ತಿರುವ ತಪ್ಪು, ಅದಕ್ಕೇ ನಮ್ಮಲ್ಲಿ ಅದೊಂದು ಕಟ್ಟುಪಾಡು: ಚಿತ್ರ ತೆಗೆಯುವಾಗ ಮಾದರಿಯ ಕಡೆ ಯಾರೂ ಮುಖ ಮಾಡಿ ಮಾತಾಡುವುದಿಲ್ಲ, ಉಸಿರು ಬಿಡುವಾಗಲೂ ಮುಖ ತಿರುಗಿಸುತ್ತೇವೆ. ಕಾಕಾಗೆ ಅದನ್ನು ಹೇಳಿದ ನೆನಪು ನನಗಿಲ್ಲ. ಹೇಳದ ನೆನಪೂ ಇಲ್ಲ. ಇನ್ನೊಂದು: ಸುರಂಗದ ಪಕ್ಕದ ಗಾಜಿನ ಬಾಗಿಲನ್ನು ಫ್ಯಾನು ಹಾಕುವವರೆಗೆ ತೆರೆದಿಡುವುದು ರೂಢಿ, ಮಾದರಿ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ ಎಂದು. ಅವತ್ತು ಅದನ್ನು ಮುಚ್ಚಿದ್ದೆ, ಚಿಲಕ ಬಿದ್ದ ಸದ್ದು ಕಿವಿಯಲ್ಲಿದೆ. ಆದರೆ ಆ ಸದ್ದು ಬೇರೆ ಯಾವುದೋ ದಿನದ್ದಲ್ಲ ಎಂದು ಆಣೆ ಮಾಡಲಾರೆ.

ಮಾರ್ಗದರ್ಶಕರ ಮಾತು ಒಪ್ಪುವಂಥದ್ದು. ಹಾಗಾಗಿಯೇ ಪರೀಕ್ಷಿಸಿದೆ. ಸುರಂಗದ ಗಾಜಿನ ಬಾಗಿಲು ತೆರೆದು ಆ ಮೂಲೆಯ ಮೇಲೆ ನಾನೇ ಉಸಿರು ಬಿಟ್ಟೆ. ಬೆಳಗಿತು, ನಿಜ. ಆದರೆ ಗುಂಡಗೆ, ಅಂಚಿಲ್ಲದ ಒಂದು ಮಸುಕು ಕಲೆ, ಸ್ವಲ್ಪದರಲ್ಲೇ ಮಾಯ. ಮೇಲಿನಿಂದ, ಪಕ್ಕದಿಂದ, ಮೂಗಿನಿಂದ, ಬಾಯಿಂದ, ಎಷ್ಟೋ ರೀತಿ ಮಾಡಿ ನೋಡಿದೆ. ಒಂದೇ ಒಂದು ಸಲ, ಅಂಚಿನ ಗುಂಟ ಓರೆಯಾಗಿ ಊದಿದಾಗ, ಒಂದು ಗರಿ ಬಂದ ಹಾಗೆ ಅನಿಸಿತು. ಅದನ್ನೂ ಬರೆದಿಟ್ಟಿದ್ದೇನೆ, ಮುಚ್ಚಿಡುವುದಿಲ್ಲ. ಎರಡು ಗರಿ ಎಂದೂ ಬರಲಿಲ್ಲ.

ಮುಂದಿನ ವಾರಗಳಲ್ಲಿ ನಿಜವಾದ ಪ್ರಯೋಗ ಮಾಡಿದೆವು. ಗಾಳಿ ನೇರ ಬಂದಾಗ ಹೆಚ್ಚೇನೂ ಕಾಣಲಿಲ್ಲ. ಮಾದರಿಯನ್ನು ತಿರುಗಿಸಿ, ಗಾಳಿ ಓರೆಯಾಗಿ ಆ ಮೂಲೆಗೇ ಬಡಿಯುವಂತೆ ಇಟ್ಟು, ನೂರಾರು ಚಿತ್ರಗಳ ಸರಾಸರಿ ತೆಗೆದಾಗ ಪರದೆಯ ಮೇಲೆ ಮೂಡಿದ್ದು ಅವೇ ಎರಡು ಗರಿಗಳು. ಮೂಲೆಯಿಂದ ಸುರುಳಿಯಾಗಿ ಏಳುವ ಗಾಳಿ ಅಂಚಿನ ಗುಂಟ ತಗಡನ್ನು ಮೇಲಕ್ಕೆ ಎಳೆಯುತ್ತದೆ; ಅಂಥ ಎಳೆತ ಮಾಡಿನ ನಡುವೆ ಎಲ್ಲೂ ಇಲ್ಲ. ಇದು ಪುಸ್ತಕದಲ್ಲಿ ಇರುವ ವಿಷಯವೇ. ಆದರೆ ಆ ನಕ್ಷೆಯಲ್ಲಿ ಇರಲಿಲ್ಲ. ನಕ್ಷೆಯಲ್ಲಿ ಮೂಲೆಗೂ ನಡುವಿಗೂ ಕೊಕ್ಕೆಗಳು ಒಂದೇ ಅಂತರಕ್ಕಿದ್ದವು. ಕಾಕಾ ಒಂದನ್ನೂ ಬಿಡದೆ ಹಾಕಿದ್ದರೂ ಆ ಮೂಲೆ ತಡೆಯುತ್ತಿರಲಿಲ್ಲ. ಈ ಬಣ್ಣದಿಂದ ಏನೂ ಸಿಗುವುದಿಲ್ಲ ಎಂದಿದ್ದ ಮಾರ್ಗದರ್ಶಕರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ, "ಆ ಆರು ಚಿತ್ರ ಅಳಿಸಿಬಿಡು. ಯಾರಾದರೂ ನೋಡಿದರೆ ಇದನ್ನೂ ನಂಬೋದಿಲ್ಲ" ಎಂದರು.

ಅವರು ನನ್ನ ಒಳಿತಿಗೇ ಹೇಳಿದ್ದು. ನಾನು ಅಳಿಸಲಿಲ್ಲ. ವರದಿಯ ಕೊನೆಯಲ್ಲಿ ಒಂದು ಪುಟ ಸೇರಿಸಿ, ಗಾಳಿಯಿಲ್ಲದಾಗ ತೆಗೆದ ಆರು ಚಿತ್ರಗಳಲ್ಲಿ ಹೀಗೆ ಕಂಡಿದೆ, ಕಾರಣ ತಿಳಿದಿಲ್ಲ ಎಂದು ಬರೆದೆ. ಬೇಡವಾದ ಚಿತ್ರ ಕಿತ್ತುಹಾಕಿ ಕಾಕಾನ ಹೆಸರು ತೊಳೆದರೆ, ಬೇಡವಾದ ಮಾತು ಕಿತ್ತುಹಾಕಿ ಅವರ ಹೆಸರು ಕೆಡಿಸಿದವರಿಗೂ ನನಗೂ ಏನು ವ್ಯತ್ಯಾಸ?

ಆ ವರದಿ ಹಿಡಿದು ಸೇಡಂಗೆ ಹೋದೆ. ಮಿಲ್ಲಿನ ಸಾಹುಕಾರರು ನಕ್ಷೆ ಮಾಡಿದ ಎಂಜಿನಿಯರನ್ನೂ ಕರೆಸಿದ್ದರು. ಎಂಜಿನಿಯರು ಹಾಳೆ ತಿರುವಿದಂತೆ ಅವರ ಮುಖ ಸಣ್ಣದಾಗುತ್ತಿತ್ತು. ಕೊನೆಯ ಪುಟಕ್ಕೆ ಬಂದಾಗ ನೆಟ್ಟಗೆ ಕುಳಿತರು.

"ಗಾಳಿ ಇಲ್ದೇ ಬೆಳಗೋ ಬಣ್ಣ ನಂಬಿ ನನ್ನ ನಕ್ಷೆ ತಪ್ಪು ಅಂತೀರೇನು ಮೇಡಂ?"

ಸಾಹುಕಾರರು ಕೆಟ್ಟವರಲ್ಲ. ಎಂಜಿನಿಯರು ಹೋದ ಮೇಲೆ ನನ್ನ ಕಡೆ ವರದಿ ಸರಿಸಿದರು. "ತಂಗಿ, ನಂಗ ಒಳಗಿಂದು ತಿಳಿಯಂಗಿಲ್ಲ. ಆ ಆರು ಫೋಟೋ ಯಾಕ ಹಂಗ ಬಂದಾವಂತ ಒಂದ್ ಸಾಲ ಬರ್ಕೊಂಡು ಬರ್ರಿ. ಶರಣಪ್ಪಂದು ತಪ್ಪಿಲ್ಲಂತ ನಾಕ್ ಮಂದಿ ಮುಂದ ನಾನೇ ಹೇಳ್ತೀನಿ. ಅವನ ಕೈಲೇ ಮತ್ತ ಕೆಲಸ ಮಾಡಿಸ್ತೀನಿ."

ಒಂದು ಸಾಲು. ಕಾಕಾ ಎದ್ದು ಬಂದು ಉಸಿರು ಬಿಟ್ಟಿದ್ದರು ಎಂದರೆ ಮುಗಿಯಿತು. ಅದೇ ದಿನ ಸಂಜೆ ವಾಡಿಗೆ ಹೋದೆ. ಕಾಕಿ ಚಹಾ ತಂದಿಟ್ಟಳು. ಕಾಕಾ ಹೊಸ್ತಿಲ ಹತ್ತಿರ ಕುಳಿತು ಒಂದು ಸರಳಿಗೆ ಅರ ಹಾಕುತ್ತಿದ್ದರು. ಎಲ್ಲ ಹೇಳಿ, ಎದ್ದು ಬಂದಿದ್ದಿರಾ ಎಂದು ಕೇಳಿದೆ. ಅರ ನಿಂತಿತು. ಕಾಕಾ ನನ್ನನ್ನು ನೋಡಿದರು. ಕೋಪವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನೋಡಿ, ಮತ್ತೆ ಸರಳಿನ ಕಡೆ ತಿರುಗಿದರು.

"ಹೂಂ ಅನ್ರಿ" ಎಂದಳು ಕಾಕಿ. "ಒಂದ್ ಮಾತಿಗಿ ಬಾಯಾಗಿನ ಮುತ್ತು ಉದುರ್ತಾವೇನು? ಎದ್ದಿದ್ರ ಎದ್ದಿದ್ದೆ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ."

"ಚಾ ಆರ್ಲಾಕತ್ತದ, ಕುಡಿಯವ್ವ" ಎಂದರು ಕಾಕಾ ನನಗೆ.

ಕಾಕಿ ನನ್ನನ್ನು ಅಡುಗೆಮನೆಗೆ ಕರೆದು, "ನೀನೇ ಬರದು ಕೊಡು. ಯಾರು ಬಂದು ಕೇಳ್ತಾರ? ಅವರಂತೂ ಅಲ್ಲ ಅನ್ನಂಗಿಲ್ಲ" ಎಂದಳು. ಅಲ್ಲ ಎನ್ನುವುದಿಲ್ಲ, ಅದು ನಿಜ. ಹೌದು ಎಂದೂ ಅಂದಿಲ್ಲವಲ್ಲ. ನಾನು ಬರೆಯಲಿಲ್ಲ. ಆಮೇಲೆ ಬಹಳ ದಿನ ಕಾಕಿ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. "ಓದಿದ್ದು ಹೆಚ್ಚಾಗ್ಯದ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳಂತೆ. ಅವಳ ಸಿಟ್ಟು ನ್ಯಾಯವಾದದ್ದೇ. ಗೋದಾಮಿಗೆ ಬೇರೆ ಯಾರೋ ಮಾಡು ಹೊದಿಸಿದರು. ಆ ಮೂಲೆಗೆ ಕೊಕ್ಕೆಗಳನ್ನು ಒತ್ತೊತ್ತಾಗಿ ಹಾಕಿದ್ದಾರೆ, ನಾನೇ ಹೋಗಿ ನೋಡಿ ಬಂದಿದ್ದೇನೆ. ನನ್ನ ವರದಿ ನಂಬಿ ಹಾಕಿದರೋ, ಸುಮ್ಮನೆ ಅಂಜಿಕೆಗೆ ಹಾಕಿದರೋ ಗೊತ್ತಿಲ್ಲ. ಕಾಕಾನ ಹೆಸರು ಎಲ್ಲಿತ್ತೋ ಅಲ್ಲೇ ಇದೆ.

ಕಾಕಾ ಎದ್ದು ಬಂದಿದ್ದರೆಂದೇ ಇಟ್ಟುಕೊಳ್ಳಿ. ನಾಲ್ಕು ಮೂಲೆಗಳೂ ಒಂದೇ ರೀತಿ ಇರುವ ಮಾದರಿಯಲ್ಲಿ, ಅದು ಯಾವ ದಿಕ್ಕಿಗೆ ತಿರುಗಿದೆ ಎಂದು ಹೇಳದಿದ್ದಾಗ, ಕಗ್ಗತ್ತಲಲ್ಲಿ, ಅದೇ ಮೂಲೆಗೆ ಬಗ್ಗಿ, ನಾನು ಎಷ್ಟು ಸಲ ಮಾಡಿದರೂ ಬಾರದ ಆ ಎರಡು ಗರಿಗಳನ್ನು ಉಸಿರಿನಲ್ಲೇ ಹೇಗೆ ಮೂಡಿಸಿದರು? ಎದ್ದು ಬಂದಿರಲಿಲ್ಲ ಎಂದರೆ, ಆರು ಸೆಕೆಂಡು ಆ ಮಾಡನ್ನು ಎಳೆದದ್ದು ಏನು? ದೆವ್ವ ಎನ್ನುವವರಿಗೆ ನನ್ನ ಹತ್ತಿರ ಸಾಕ್ಷಿಯಿಲ್ಲ, ಏನೂ ಇಲ್ಲ ಎನ್ನುವವರಿಗೆ ತೋರಿಸಲು ಆರು ಚಿತ್ರಗಳಿವೆ. ಎರಡು ಗುಂಪಿನವರೂ ನನ್ನನ್ನು ತಮ್ಮ ಕಡೆ ಎಣಿಸಿಕೊಳ್ಳುವುದು ಬೇಡ.

ಈಗಲೂ ವಾಡಿಗೆ ಹೋದಾಗಲೆಲ್ಲ ಕೇಳುತ್ತೇನೆ. ಹೌದು ಎಂದರೆ ಅವರ ಹೆಸರು ಅವರಿಗೆ ವಾಪಸು ಸಿಗುತ್ತದೆ. ಅದು ಅವರಿಗೂ ಗೊತ್ತು. ಹೋದ ವಾರವೂ ಕೇಳಿದೆ. ಕಾಕಿ ಒಳಗಿದ್ದಳು, ನಾವಿಬ್ಬರೇ ಇದ್ದೆವು.

"ಕಾಕಾ, ಅವತ್ತು ನೀವು ಸ್ಟೂಲ್ ಮ್ಯಾಲಿಂದ ಎದ್ದಿದ್ರೇನ್ರಿ?"